ಕೀಲಿಯಕ್ಕನ ಹೆರಿಗೆ ರಜೆ

ನಮ್ಮ ವಾರ್ಡಿನಲ್ಲಿ ನೀರು ಬಿಡುವವಳನ್ನು ಎಲ್ಲರೂ ಕೀಲಿಯಕ್ಕ ಅನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ. ಆದರೆ ಅದನ್ನು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಎದೆಯೆತ್ತರದ ಕಬ್ಬಿಣದ ಕೀಲಿ, ಮೇಲ್ಗಡೆ ಅಡ್ಡಕ್ಕೊಂದು ಹಿಡಿ, ಕೆಳಗಡೆ ಚೌಕದ ಬಾಯಿ. ಅದನ್ನು ಹೆಗಲ ಮೇಲೆ ಹಾಕಿಕೊಂಡು, ಬೆಳಕು ಹರಿಯುವ ಮೊದಲೇ ಹೊರಟು, ಬೀದಿ ಮೂಲೆಯ ಗುಂಡಿಯ ಮುಚ್ಚಳ ಸರಿಸಿ, ಒಳಗಿನ ವಾಲ್ವಿಗೆ ಕೀಲಿ ಇಳಿಸಿ ತಿರುಗಿಸುತ್ತಾಳೆ. ಪೈಪಿನಲ್ಲಿ ನೀರು ಹೊರಟ ಸದ್ದು ಕೇಳಿದ ಮೇಲೆ ಮುಚ್ಚಳಕ್ಕೆ ಎರಡು ಪೆಟ್ಟು. ಆ ಟಣ್ ಟಣ್ ಕೇಳಿದ್ದೇ ತಡ, ಮನೆಮನೆಯಲ್ಲೂ ಕೊಡ, ಬಕೆಟ್ಟು, ನಿದ್ದೆಗಣ್ಣಿನ ಗಂಡಂದಿರು, ಎಲ್ಲವೂ ಒಟ್ಟಿಗೆ ಅಲುಗಾಡತೊಡಗುತ್ತವೆ.

ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಅವಳು ಈ ಕೆಲಸಕ್ಕೆ ಬಂದಳು. ಮೊದಲು ಈ ಕೆಲಸದಲ್ಲಿದ್ದ ಮುದುಕರೊಬ್ಬರಿಗೆ ಮಂಡಿ ಹಿಡಿದುಕೊಂಡಿತ್ತು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಸಿಮೆಂಟು ಕಲಸುತ್ತಿದ್ದ ಈ ಹುಡುಗಿಯನ್ನು "ಏ ಮಗಾ, ಒಂಚೂರು ಮುಚ್ಚಳಕ್ಕೆ ಕೈ ಹಾಕು" ಅಂತ ಕರೆದರು. ಮೊದಲು ಮುಚ್ಚಳ, ಆಮೇಲೆ ಕೀಲಿ, ಆಮೇಲೆ ಇಡೀ ವಾರ್ಡು ಅವಳ ಹೆಗಲಿಗೆ ಬಂತು. ಮುದುಕರು ನಿವೃತ್ತರಾದಾಗ ಆ ಜಾಗಕ್ಕೆ ಗಂಡಸರೂ ಬಂದಿದ್ದರು. ಕೆಲಸ ಶುರುವಾಗುವ ಹೊತ್ತು ಕೇಳಿ ಒಬ್ಬೊಬ್ಬರೇ ಜಾರಿಕೊಂಡರು. "ಒಂಬತ್ತು ಗಂಟೆ ಮೇಲೆ ನೀರು ಬಿಟ್ರೆ ನಡೆಯಲ್ವಾ ಸಾರ್?" ಅಂತ ಕೇಳಿದವನೂ ಇದ್ದ. ಕೊನೆಗೆ ಉಳಿದವಳು ಇವಳೇ.

ನಾನು ವಾರ್ಡ್ ಕಚೇರಿಯಲ್ಲಿ ಗುಮಾಸ್ತೆ. ಸಭೆಗಳಲ್ಲಿ ಮೂಲೆಗೆ ಕೂತು ನಡವಳಿ ಬರೆಯುವುದು ನನ್ನ ಕೆಲಸ. ಮೊದಲೆಲ್ಲ ಊರಿನ ಸಕಲ ಕಾರ್ಯವನ್ನೂ ದೊಡ್ಡ ಕಚೇರಿಯವರೇ ನಡೆಸುತ್ತಿದ್ದರು. ಈಚೆಗೆ "ಅಧಿಕಾರ ಜನರ ಬಾಗಿಲಿಗೆ ಬರಬೇಕು" ಅಂತ ತೀರ್ಮಾನವಾಗಿ, ಅದು ನಿಜವಾಗಿಯೂ ನಮ್ಮ ಬಾಗಿಲಿಗೆ ಬಂತು: ಒಂದು ಮುರುಕು ಬೀರು, ಚುನಾವಣೆಯಲ್ಲಿ ಗೆದ್ದ ಐದು ಜನ ಸದಸ್ಯರು, ಮತ್ತು ನೀರು, ಕಸ, ಬೀದಿದೀಪ. ಏನು ಕೇಳಿದರೂ ದೊಡ್ಡ ಕಚೇರಿಯ ಸಾಹೇಬರದ್ದು ಫೋನಿನಲ್ಲಿ ಒಂದೇ ಮಂತ್ರ: "ಅದು ನಿಮಗೇ ಬಿಟ್ಟದ್ದು." ನನ್ನನ್ನು ಆ ದೊಡ್ಡ ಕಚೇರಿಯವರೇ ಇಲ್ಲಿಗೆ ಕಳಿಸಿದ್ದರಿಂದ ನನ್ನ ಸಂಬಳ ಸಾರಿಗೆ ಈಗಲೂ ಅವರದೇ. ಕೀಲಿಯಕ್ಕನನ್ನು ಮಾತ್ರ ಪೈಪುಗಳ ಸಮೇತ ವಾರ್ಡಿಗೆ ಒಪ್ಪಿಸಿದ್ದರು. ಹಾಗಾಗಿ ನನ್ನ ಬಸುರಿಗೆ ರಜೆ ಮೇಲಿಂದ ತಾನಾಗಿ ಇಳಿದು ಬಂತು. ಮರುವರ್ಷ ಅವಳ ಬಸುರಿಗೆ ಠರಾವು ಆಗಬೇಕಾಯಿತು.

ಆ ಸಭೆ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಅಧ್ಯಕ್ಷರು ಹೊಲಿಗೆ ಅಂಗಡಿಯ ಹೆಂಗಸು. ಸಭೆಗೂ ಯಾರದೋ ಬಟ್ಟೆ ತಂದು, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೂರುತ್ತಾರೆ. ಕೊನೆಗೆ ಮಾತಾಡಿದವರು ಏನು ಹೇಳಿದರೋ ಅದಕ್ಕೆ ತಲೆ ಆಡಿಸುವುದು ಅವರ ಪದ್ಧತಿ. ಕೀಲಿಯಕ್ಕ ಹೊಟ್ಟೆ ಮುಂದಿಟ್ಟುಕೊಂಡು ನಿಂತೇ ಇದ್ದಳು. ಕುರ್ಚಿ ಕೊಟ್ಟರೆ "ಕೂತ್ರೆ ಏಳೋಕೆ ಇನ್ನೊಂದು ಠರಾವು ಬೇಕಾಗುತ್ತೆ" ಅಂದಳು.

ಔಷಧಿ ಅಂಗಡಿಯ ಸದಸ್ಯರು ಶುರು ಮಾಡಿದರು. "ಆರು ತಿಂಗಳಾ? ನಮ್ಮಮ್ಮ ನನ್ನ ಹೆತ್ತ ಮಾರನೇ ದಿನ ರಾಶಿ ಬಟ್ಟೆ ಒಗೆದಿದ್ರಂತೆ!"

"ಅದನ್ನ ನಿಮಗೆ ಹೇಳಿದ್ದು ಯಾರು ಸಾರ್?"

"ನಮ್ಮಪ್ಪ."

"ಅದಕ್ಕೇ ಕೇಳ್ದೆ," ಅಂದಳು ಕೀಲಿಯಕ್ಕ.

ಸಂಬಳ ಸಮೇತ ಆರು ತಿಂಗಳು ರಜೆ ಕೊಡಲೇಬೇಕು, ಕಾನೂನು ಇದೆ, ಅಂತ ನಾನು ಓದಿ ಹೇಳಿದೆ. ಆದರೆ ಬದಲಿಯವರನ್ನು ಇಡಲು ಹಣ ಎಲ್ಲಿಂದ? ಸಾಹೇಬರಿಗೆ ಫೋನ್ ಮಾಡಿದೆವು. ಮಂತ್ರ ಉದುರಿತು. ಆಗ ಮುದ್ರಣಾಲಯದ ಸದಸ್ಯರು ಎದ್ದು ನಿಂತು, "ಅಧಿಕಾರ ನಮ್ಮದು ಅಂದ್ಮೇಲೆ ಕಷ್ಟಾನೂ ನಮ್ಮದೇ. ಐದು ಜನ ಸದಸ್ಯರೇ ಸರದಿ ಮೇಲೆ ನೀರು ಬಿಡೋಣ" ಅಂದುಬಿಟ್ಟರು. ಕೊನೆಗೆ ಮಾತಾಡಿದವರು ಅವರೇ ಆದ್ದರಿಂದ ಅಧ್ಯಕ್ಷರು ತಲೆ ಆಡಿಸಿದರು. ಠರಾವು ಆಯಿತು.

ಸರದಿ ಎಂಬುದು ಒಂದು ವಾರವೂ ಬಾಳಲಿಲ್ಲ. ಔಷಧಿ ಅಂಗಡಿಯವರು ಮೊದಲ ದಿನವೇ ಕೀಲಿಯನ್ನು ಉಲ್ಟಾ ತಿರುಗಿಸಿ ಇಡೀ ಬೀದಿಯನ್ನು ಒಣಗಿಸಿದರು. ಮಧ್ಯಾಹ್ನ ಅಂಗಡಿಗೆ ಬಂದವರೆಲ್ಲ ತಲೆನೋವಿನ ಮಾತ್ರೆ ಕೊಂಡದ್ದಕ್ಕಿಂತ ತಲೆನೋವು ಕೊಟ್ಟು ಹೋದದ್ದೇ ಹೆಚ್ಚು. ಹಾರ್ಡ್‌ವೇರ್ ಅಂಗಡಿಯವರು ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಮಾರಲಿಕ್ಕೆ ನಲ್ಲಿಗಳ ಚೀಲ ಹಿಡಿದು ಹೊರಟರು. ವ್ಯಾಪಾರ ಆಗಲಿಲ್ಲ, ನೆಗಡಿ ಮಾತ್ರ ಆಯಿತು. ಅಧ್ಯಕ್ಷರು "ಕೈ ನಡುಗಿದ್ರೆ ಕತ್ತರಿ ಓಡಲ್ಲಮ್ಮ" ಅಂತ ಬಿಟ್ಟರು. ಐದನೆಯವರು ಊರಿನಲ್ಲಿ ಇದ್ದಾರೋ ಇಲ್ಲವೋ ಅನ್ನುವುದೇ ಗೊತ್ತಾಗದ ಹಾಗೆ ಇದ್ದುಬಿಟ್ಟರು. ಉಳಿದವರು ಮುದ್ರಣಾಲಯದವರು.

ಇವರ ಬಗ್ಗೆ ಎರಡು ಮಾತು ಹೇಳಬೇಕು. ಕೆಟ್ಟವರಲ್ಲ. ಬೇರೆಯವರ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾ ತಾವು ಸಣ್ಣಕ್ಷರವಾಗಿ ಉಳಿದವರು. ಕ್ಷೌರದಂಗಡಿಯಲ್ಲಿ ಅವರಿಗಿಂತ ಆಮೇಲೆ ಬಂದವರು ಮೊದಲು ಕ್ಷೌರ ಮಾಡಿಸಿಕೊಂಡು ಹೋಗುತ್ತಿದ್ದರು. ಅಂಥವರ ಹೆಗಲಿಗೆ ಕೀಲಿ ಬಂತು ನೋಡಿ, ಬೀದಿಯ ನೋಟವೇ ಬದಲಾಯಿತು. "ನಮಸ್ಕಾರ ಸಾರ್, ನಮ್ಮ ಬೀದಿಗೆ ಒಂಚೂರು ಬೇಗ ಬಿಡಿ ಸಾರ್." "ಸಾರ್, ಮಹಡಿಗೆ ನೀರು ಏರ್ತಿಲ್ಲ, ತಾವು ಮನಸ್ಸು ಮಾಡಬೇಕು." ಚಹಾದಂಗಡಿಯವನು ಗ್ಲಾಸಿನ ಕೆಳಗೆ ತಟ್ಟೆ ಇಟ್ಟುಕೊಟ್ಟ. ಕ್ಷೌರಿಕ ಅರ್ಧ ಸೋಪು ಹಚ್ಚಿದ್ದವನನ್ನು ಎಬ್ಬಿಸಿ ಇವರನ್ನು ಕೂರಿಸಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಹಿಡಿದದ್ದು ಸೀಟಿ. ಟಣ್ ಟಣ್ ಅನ್ನುವುದು ಹಳೇ ಪದ್ಧತಿ ಅಂತ ಅದನ್ನು ಬಿಟ್ಟು, ಪೊಲೀಸರ ಹಾಗೆ ಪೀಪೀ ಊದತೊಡಗಿದರು. ನನ್ನ ಮಗಳು ಪುಟ್ಟಿ ಬೆಚ್ಚಿ ಎದ್ದು ಅತ್ತರೆ ಮತ್ತೆ ಮಲಗಿಸಲು ನಾನು ಇಡೀ ಮನೆ ಸುತ್ತಬೇಕಾಗಿತ್ತು.

ಸಾಲದ್ದಕ್ಕೆ ಅಚ್ಚಿನ ಯಂತ್ರ ಮನೆಯಲ್ಲೇ ಇತ್ತು. ಬಾಗಿಲು ಬಾಗಿಲಿಗೂ ಕರಪತ್ರ ಬಂತು: "ನಾಗರಿಕ ಬಂಧುಗಳೇ, ನಾಳೆ ಬೆಳಿಗ್ಗೆ ನೀರು ಬರಲಿದೆ." ಮೇಲೆ ಅವರ ಭಾವಚಿತ್ರ, ಹೆಗಲ ಮೇಲೆ ಕೀಲಿ. ನೀರು ದಿನಾ ಬರುತ್ತಲೇ ಇತ್ತು. ಈಗ ಪ್ರಕಟಣೆ ಸಮೇತ ಬರತೊಡಗಿತು. ಕರಪತ್ರದ ಬಿಲ್ಲು ಮಾತ್ರ "ರಿಯಾಯಿತಿ ದರ" ಎಂಬ ಮುದ್ರೆ ಹೊತ್ತು ನಮ್ಮ ಕಚೇರಿಗೆ ಬರುತ್ತಿತ್ತು. "ಬೆಳಬೆಳಿಗ್ಗೆ ಎದ್ದು ಊರಿಗೆ ನೀರು ಬಿಡ್ತಾರಲ್ಲ, ಎಂಥಾ ಗಂಡಸು!" ಅಂತ ನಾನೊಮ್ಮೆ ಅಂದರೆ ನಮ್ಮತ್ತೆ ಪುಟ್ಟಿಯ ಲಂಗೋಟಿ ಮಡಚುತ್ತಾ, "ಗಂಡಸು ಬೆಳಬೆಳಿಗ್ಗೆ ಎದ್ದ ಅಂದ್ರೆ ಅವನಿಗಿಂತ ಮುಂಚೆ ಇನ್ಯಾರೋ ಎದ್ದಿರ್ತಾರೆ ಬಿಡು" ಅಂದರು.

ಆರು ತಿಂಗಳು ಮುಗಿದ ಮರುದಿನ ಕೀಲಿಯಕ್ಕ ಮಗನನ್ನು ಸೊಂಟಕ್ಕೇರಿಸಿಕೊಂಡು ಕಚೇರಿಗೆ ಬಂದಳು. ಅವಳ ಗಂಡ ಬೇಕರಿಯಲ್ಲಿ ಒಲೆ ನೋಡುವವನು, ಕೋಳಿ ಕೂಗುವ ಮೊದಲೇ ಕೆಲಸ ಮುಗಿಸಿ ಮನೆಗೆ ಬರುತ್ತಾನೆ. ಇವಳು ಹೊರಟಾಗ ಮಗು ಅವನ ಎದೆಯ ಮೇಲೆ. ಗಂಡ ಹೆಂಡತಿ ಸೇರಿ ಎಲ್ಲಾ ಹೊಂದಿಸಿಕೊಂಡಿದ್ದರು. ಮುದ್ರಣಾಲಯದವರು ಕೀಲಿಯನ್ನು ಗೋಡೆಗೆ ಒರಗಿಸಿ, ಅದರ ಮುಂದೆ ತಾವೇ ಒರಗಿ ನಿಂತಿದ್ದರು.

"ಪಾಪ, ಎಳೇ ಮಗು. ಆ ಚಳೀಲಿ ನೀನು ಬೀದಿಗೆ ಬರೋದು ನನ್ನ ಕಣ್ಣಲ್ಲಿ ನೋಡೋಕಾಗಲ್ಲಮ್ಮ. ನಿನ್ನ ರಜೆ ಇನ್ನೂ ಮುಂದುವರೀಲಿ."

"ಸಂಬಳಾನೂ ಮುಂದುವರಿಯುತ್ತಾ ಸಾರ್?"

"ಅದು ಹೇಗಾಗುತ್ತೆ..."

"ಹಾಗಾದ್ರೆ ಅದು ರಜೆ ಅಲ್ಲ ಸಾರ್. ಮನೆಗೆ ಹೋಗು ಅನ್ನೋದು."

"ಛೆ ಛೆ, ನಿನ್ನ ಒಳ್ಳೇದಕ್ಕೇ ಹೇಳಿದ್ದು!"

ಅವಳು ನನ್ನ ಮೇಜಿನ ಹತ್ತಿರ ಬಂದು ಕೂತಳು. ಅಂದು ಮೊದಲ ಸಲ ಅವಳ ಮುಖದಲ್ಲಿ ನಗೆ ಇರಲಿಲ್ಲ. "ಬೇಕರಿ ಸಂಬಳದಲ್ಲಿ ಬಾಡಿಗೆ ಕಳೆದ್ರೆ ನಮಗೆ ಉಳಿಯೋದು ಬ್ರೆಡ್ಡಿನ ಅಂಚು ಕಣೇ. ಅದಾದ್ರೂ ಆಗ್ಲಿ ಅಂದ್ಕೋ. ನೀರು ಹೊರಟಾಗ ಕಾಲಡಿಗೆ ನೆಲ ಒಂಚೂರು ನಡುಗುತ್ತೆ, ಗೊತ್ತಾ? ಇಷ್ಟು ದಿನ ಮನೇಲಿ ಕೂತು ಅದೊಂದು ಇಲ್ದೆ ಬೆಳಗಾದ ಹಾಗೇ ಅನ್ನಿಸ್ಲಿಲ್ಲ." ಹಾಗೆ ಅನ್ನುತ್ತಾ ನನ್ನ ಮೇಜಿನ ಮೇಲಿದ್ದ ಅಂಟಿನ ಬಾಟಲಿಯನ್ನು ಮಗನ ಬಾಯಿಂದ ಕಿತ್ತಿಟ್ಟಳು.

ನಾನು ಸಾಹೇಬರಿಗೆ ಫೋನ್ ಮಾಡಿದೆ. "ರಜೆ ಮುಗಿದ ಮೇಲೆ ಅದೇ ಕೆಲಸಕ್ಕೆ ತಗೋಬೇಕು, ಕಾನೂನು ಸ್ಪಷ್ಟ ಇದೆ" ಅಂದರು. "ಹಾಗಂತ ಒಂದು ಆದೇಶ ಕಳಿಸಿ ಸಾರ್." "ಅದು ನಿಮಗೇ ಬಿಟ್ಟದ್ದು." ಅಧ್ಯಕ್ಷರು ಸೂಜಿ ಕಚ್ಚಿಕೊಂಡೇ, ಭಾನುವಾರ ವಾರ್ಡ್ ಸಭೆ ಕರೆಯೋಣ, ಜನ ಏನು ಹೇಳ್ತಾರೋ ಹಾಗೆ, ಅಂದರು. ಕಾನೂನು ಕಾಗದದ ಮೇಲಿದ್ದರೂ ಜನರ ಮನಸ್ಸು ಕರಪತ್ರದ ಮೇಲಿತ್ತು.

ಮರುದಿನ ಪುಟ್ಟಿ ಬೇಗ ಎದ್ದಳು. ಅವಳಿಗೆ ಹಾಲೂಡಿಸುತ್ತಾ ಕಿಟಕಿಯ ಹತ್ತಿರ ಕೂತಿದ್ದೆ. ಮೂಲೆಯ ಗುಂಡಿಯ ಹತ್ತಿರ ಎರಡು ಆಕೃತಿ. ಒಂದು, ಮಫ್ಲರು ಸುತ್ತಿಕೊಂಡು ಟಾರ್ಚು ಹಿಡಿದ ಮುದ್ರಣಾಲಯದವರು. ಇನ್ನೊಂದು, ಬಗ್ಗಿ ಕೀಲಿ ತಿರುಗಿಸುತ್ತಿದ್ದ ಅವರ ಹೆಂಡತಿ.

"ಇನ್ನೊಂದು ಸುತ್ತು," ಅಂದರು ಟಾರ್ಚಿನವರು.

"ನೀವೇ ಸುತ್ತಿ."

"ನನ್ನ ಸೊಂಟ ಗೊತ್ತಲ್ವೇನೇ ನಿನಗೆ. ಆ ಕಡೆ, ಆ ಕಡೆ... ಹಾಂ!" ಅಂತ ಹೇಳಿ, ನೀರು ಹೊರಟದ್ದೇ ಸೀಟಿ ಬಾಯಿಗಿಟ್ಟು ಎದೆಯುಬ್ಬಿಸಿ ಊದಿದರು. ಆ ಹೆಂಗಸು ಬೀದಿಯ ಮನೆಗಳಲ್ಲಿ ದೀಪ ಹೊತ್ತಿಕೊಳ್ಳುವ ಮೊದಲೇ ಮುಸುಕೆಳೆದುಕೊಂಡು ಮನೆ ಸೇರಿಕೊಂಡರು.

ನಾನು ಇದನ್ನು ಕೀಲಿಯಕ್ಕನಿಗೆ ಹೇಳದೆ ಇರುತ್ತೇನೆಯೆ? ಕೇಳಿ ಅವಳು ಬಿದ್ದು ಬಿದ್ದು ನಗುತ್ತಾಳೆ, ಸಭೆಯಲ್ಲಿ ಮಾನ ಕಳೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ. "ಬಗ್ಗಿ ತಿರುಗಿಸ್ತಿದ್ರಾ? ಅಯ್ಯೋ, ಬೆನ್ನು ಹೋಗುತ್ತಲ್ಲೇ!"

ಅದರ ಮರುದಿನ ಮೂಲೆಯಲ್ಲಿ ಮೂರು ಆಕೃತಿ ಇದ್ದವು. ನಾನೂ ಪುಟ್ಟಿಯನ್ನು ಹೊದಿಸಿಕೊಂಡು ಬಾಗಿಲಿಗೆ ಬಂದೆ. ಇಂಥ ನಾಟಕವನ್ನು ಕಿಟಕಿಯಿಂದ ನೋಡಿದರೆ ಸಾಲುವುದಿಲ್ಲ.

"ಕಾಲು ಅಗಲ ಮಾಡಿ ನಿಂತ್ಕೊಳ್ಳಿ ಅಮ್ಮಾ," ಅನ್ನುತ್ತಿದ್ದಳು ಕೀಲಿಯಕ್ಕ. "ಬಗ್ಗಬೇಡಿ. ಸೊಂಟದಿಂದಲ್ಲ, ನಡೀತಾ ತಿರುಗಿಸಬೇಕು, ಕೀಲಿ ಸುತ್ತ ಹೆಜ್ಜೆ ಹಾಕಿ. ಹಾಂ, ಹಾಗೆ."

ಮುದ್ರಣಾಲಯದಮ್ಮ ಎರಡು ಸುತ್ತು ನಡೆದು ನಿಂತರು. "ಅಯ್ಯೋ, ಇಷ್ಟೇನಾ! ಇಷ್ಟು ದಿನ ಸತ್ತೆನಲ್ಲ." ಆಮೇಲೆ ದನಿ ತಗ್ಗಿಸಿ, "ನಾನು ನಿನ್ನ ಕೆಲಸ ಕಿತ್ಕೊಳ್ಳೋಕೆ ಬಂದೋಳಲ್ಲ ಕಣಮ್ಮ" ಅಂದರು.

"ಗೊತ್ತು ಬಿಡಿ. ಕಿತ್ಕೊಂಡಿದ್ದು ನೀವಲ್ಲ, ಟಾರ್ಚು."

ಟಾರ್ಚು ಆರಿತು. ಕತ್ತಲಲ್ಲಿ ಮುದ್ರಣಾಲಯದವರು, "ಇದನ್ನೆಲ್ಲ ಹೊರಗೆ ಆಡೋದು ಬೇಡ" ಅಂದರು.

"ಆಡಲ್ಲ ಸಾರ್. ನನ್ನ ಕೆಲಸ ನಾನು ಕೇಳ್ತೀನಿ. ನಿಮ್ಮನೆ ಮಾತು ನನಗ್ಯಾಕೆ?"

ಭಾನುವಾರದ ಸಭೆ ಶಾಲೆಯ ಕೋಣೆಯಲ್ಲಿ. ಚಿಕ್ಕ ಮಕ್ಕಳ ಬೆಂಚುಗಳಲ್ಲಿ ಕೂತ ದೊಡ್ಡವರ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಮುದ್ರಣಾಲಯದವರು ಮಾತೃತ್ವದ ಬಗ್ಗೆ ಬಹಳ ಹೊತ್ತು ಮಾತಾಡಿದರು. ತಾಯಿ, ತೊಟ್ಟಿಲು, ಚಳಿಗಾಳಿ, ಎಲ್ಲಾ ಬಂದವು. ಹಿಂದಿನ ಬೆಂಚಿನ ಒಂದಿಬ್ಬರು ಕಣ್ಣೊರೆಸಿಕೊಂಡರು. ಔಷಧಿ ಅಂಗಡಿಯವರು, "ಇವರು ಸಂಬಳವಿಲ್ಲದೆ ಮಾಡ್ತೀನಿ ಅಂತಾರೆ. ವಾರ್ಡಿಗೂ ಉಳಿತಾಯ" ಅಂದರು. ಜನ ಹೂಂಗುಟ್ಟಿದರು. ಅಧ್ಯಕ್ಷರ ತಲೆ ಆಡಲು ಶುರುವಾಗಿತ್ತು.

ಕೀಲಿಯಕ್ಕ ಎದ್ದಳು. "ನಾನು ಹೆತ್ತಿದ್ದು ಮಗು. ಹೆರುವಾಗ ಕೈಯೇನೂ ಉದುರಿ ಹೋಗಿಲ್ಲ. ಹೆರಿಗೆ ರಜೆ ತಗೊಂಡೋಳಿಗೆ ವಾಪಸ್ ಬಂದಾಗ ಕೆಲಸ ಇರಲ್ಲ ಅಂದ್ರೆ, ನಾಳೆ ಈ ವಾರ್ಡಲ್ಲಿ ಕಸ ಗುಡಿಸೋಳು, ಅಂಗನವಾಡಿಯೋಳು, ಯಾರೂ ರಜೆ ಕೇಳಲ್ಲ. ಬೀದೀಲೇ ಹೆರ್ತಾರೆ. ಅಷ್ಟೇ ನಾನು ಹೇಳೋದು." ಅಷ್ಟೇ ಹೇಳಿ ಕೂತಳು. ಕೊಟ್ಟ ಮಾತಿಗೆ ತಪ್ಪದೆ ಟಾರ್ಚಿನ ವಿಷಯ ಎತ್ತಲೇ ಇಲ್ಲ. ನನಗೆ ಮಾತ್ರ ಅದು ನಾಲಿಗೆಯ ತುದಿಗೆ ಬಂದು ಕುದಿಯುತ್ತಿತ್ತು. ನಡವಳಿ ಬರೆಯುವವಳಿಗೆ ಮಾತಾಡುವ ಹಾಗಿಲ್ಲ.

"ಉಳಿತಾಯ ಅಂದ್ರಲ್ಲ, ಯಾರದ್ದು ಉಳಿತಾಯ?" ಹೆಂಗಸರ ಸಾಲಿನಿಂದ ದನಿ ಬಂತು. ಮುದ್ರಣಾಲಯದಮ್ಮ ಎದ್ದು ನಿಂತಿದ್ದರು. "ಇಷ್ಟು ದಿನ ಆ ಕೀಲಿ ತಿರುಗಿಸಿದ್ದು ನಾನು. ಇವರು ಟಾರ್ಚು ಹಿಡಿದ್ರು, ಪೀಪಿ ಊದಿದ್ರು. ಫೋಟೋಗೆ ನಿಂತ್ರು."

ಮೊದಲು ಚಹಾದಂಗಡಿಯವನು ನಕ್ಕ. ಅವನ ಹಿಂದೆ ಇಡೀ ಶಾಲೆ ನಕ್ಕಿತು.

"ಏನೇ ಇದು! ಮನೆ ವಿಷಯಾನ ಸಭೇಲಿ..." ಅಂದರು ಗಂಡ.

"ಮನೆ ವಿಷಯಾನಾ? ವಾಲ್ವು ನಮ್ಮ ಅಡುಗೆಮನೇಲಿದ್ಯಾ?"

ಮುದ್ರಣಾಲಯದಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅವಳ ಕೆಲಸ ಅವಳಿಗೆ ಕೊಡಿ. ಬಿಟ್ಟಿ ಮಾಡೋರು ಸಿಕ್ರು ಅಂತ ಸಂಬಳದೋಳನ್ನ ತೆಗೀತೀರಲ್ಲ, ಆ ಬಿಟ್ಟಿ ನಾನೇ. ಇನ್ನು ನಾನಿಲ್ಲ." ಕೂರಲು ಹೋದವರು ಅರ್ಧಕ್ಕೆ ನಿಂತು, ಬೇರೆಯೇ ದನಿಯಲ್ಲಿ ಅಂದರು, "ಆದ್ರೆ ಒಂದು ಮಾತು. ನನಗೂ ಅದು ಹಿಡಿಸಿದೆ. ಅವಳಿಗೆ ವಾರಕ್ಕೊಂದು ರಜೆ ಕೊಟ್ಟು ಆವತ್ತು ನನ್ನ ಕರೀರಿ. ಕೂಲಿ ಕೊಟ್ಟು ಕರೀರಿ."

ಕೀಲಿಯಕ್ಕನ ಬಾಯಿ ತೆರೆದೇ ಇತ್ತು. ವಾರದ ರಜೆ ಎಂಬುದೊಂದು ಲೋಕದಲ್ಲಿದೆ ಅಂತ ಅವಳು ಕೇಳಿದ್ದಳು. ಅದು ನೀರಿನವರಿಗೂ ಬರುತ್ತದೆ ಅಂತ ಎಣಿಸಿರಲಿಲ್ಲ.

"ಕೂಲಿಗೆ ಹಣ ಎಲ್ಲಿದೆ?" ಅಂದರು ಔಷಧಿ ಅಂಗಡಿಯವರು. ಇಷ್ಟಾದ ಮೇಲೆ ನಾನು ತಡೆದುಕೊಳ್ಳಲಾರದೆ, ನಡವಳಿಯಿಂದ ತಲೆ ಎತ್ತದೆಯೇ, "ಕರಪತ್ರದ ಬಿಲ್ಲು ನಿಲ್ಲಿಸಿದ್ರೆ ಆಗುತ್ತೆ" ಅಂದೆ. ಮುದ್ರಣಾಲಯದವರ ಕಿವಿ ಅವರು ಅಚ್ಚು ಹಾಕುವ ಕೆಂಪು ಶಾಯಿಯ ಬಣ್ಣಕ್ಕೆ ತಿರುಗಿತು.

ಯಾರೋ ಸಾಹೇಬರಿಗೆ ಫೋನ್ ಮಾಡಿ ಕೇಳೋಣ ಅಂದರು. ಅಧ್ಯಕ್ಷರು ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು. ಬರಿ ಬಾಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ. "ಯಾಕೆ ಫೋನು? ಅವರು ಏನಂತಾರೆ ಅಂತ ನಮಗೆಲ್ಲ ಬಾಯಿಪಾಠ ಆಗಿದೆ. ನಮಗೇ ಬಿಟ್ಟದ್ದಾದ್ರೆ ನಾವೇ ಮಾಡೋಣ. ಕೈ ಎತ್ತಿ." ಮೊದಲು ಹೆಂಗಸರ ಸಾಲಿನ ಕೈ ಎದ್ದವು. ಆಮೇಲೆ ಗಂಡಸರದು. ಕೊನೆಗೆ, ಹೆಂಡತಿಯ ಕಡೆ ಓರೆಗಣ್ಣಲ್ಲಿ ನೋಡುತ್ತಾ, ಸೀಟಿ ಹಿಡಿದ ಒಂದು ಕೈಯೂ ಎದ್ದಿತು. ಹಾಗೆ ನೋಡಿದರೆ ಅವರು ಸೋತು ಸಣ್ಣಗಾಗಲಿಲ್ಲ. ಈಗಲೂ ವಾರಕ್ಕೊಮ್ಮೆ ಹೆಂಡತಿ ಬರುವ ಹೊತ್ತಿಗೆ ಚಹಾ ಕಾಯಿಸಿ ಇಟ್ಟಿರುತ್ತಾರಂತೆ. ಸಕ್ಕರೆ ಮರೆಯುತ್ತಾರೆ, ಅಷ್ಟೇ.

ಮೊದಲ ರಜೆಯ ದಿನ ಕೀಲಿಯಕ್ಕ ಏನು ಮಾಡಿದಳು ಅನ್ನುವುದನ್ನು ಬರೆದು ಮುಗಿಸುತ್ತೇನೆ. "ಮಧ್ಯಾಹ್ನದವರೆಗೆ ಮಲಗ್ತೀನಿ, ಯಾರೂ ಕರೀಬೇಡಿ" ಅಂತ ಹಿಂದಿನ ದಿನ ಸಾರಿ ಹೋಗಿದ್ದಳು. ಬೆಳಿಗ್ಗೆ ನಾನು ಕೊಡ ತಗೊಂಡು ಬೀದಿ ನಲ್ಲಿಗೆ ಹೋದರೆ, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅವಳೇ ನಿಂತಿದ್ದಾಳೆ. ತಲೆ ಕೆದರಿದೆ, ಸೊಂಟದಲ್ಲಿ ಮಗ, ಕೈಯಲ್ಲಿ ಬಕೆಟ್ಟು. ನಲ್ಲಿಯಿಂದ ಬರೀ ಗಾಳಿ ಬುಸುಗುಡುತ್ತಿತ್ತು.

"ಏನಕ್ಕಾ, ಮಲಗ್ತೀನಿ ಅಂದೆ?"

"ಹೇಗೆ ಮಲಗೋದು? ಇಷ್ಟು ಹೊತ್ತಾದ್ರೂ ನೀರೇ ಬಂದಿಲ್ಲ!" ಅಂತ ಬಕೆಟ್ಟನ್ನು ದಡ್ಡನೆ ನೆಲಕ್ಕಿಟ್ಟಳು. "ಈ ವಾರ್ಡಲ್ಲಿ ಹೇಳೋರು ಕೇಳೋರು ಯಾರೂ ಇಲ್ವೇನೇ?"